ಹತ್ತೂವರೆ ಮೀಟರ್ ದೂರದ ಸಿಪಾಯಿ

ಕಳೆದ ಸಂಚಿಕೆಯಲ್ಲಿ ನನ್ನ ಮೇಜಿನ ಮೇಲಿನ ಪುಟ್ಟ ಸಿಪಾಯಿಗಳ ಫೋಟೋ ಹಾಕಿದ್ದೇ ತಡ, ಸಂಪಾದಕರು ಪತ್ರಗಳ ಕಟ್ಟನ್ನೇ ತಂದು ಮುಂದಿಟ್ಟಿದ್ದಾರೆ. ಅರ್ಧಕ್ಕರ್ಧ ಪತ್ರಗಳಲ್ಲಿ ‘ತಾವು ಯಾವ ಕಲಾಶಾಲೆಯಲ್ಲಿ ಕಲಿತಿರಿ?’ ಎಂಬ ಪ್ರಶ್ನೆ ಇದೆ. ಯಾವ ಕಲಾಶಾಲೆಯೂ ಇಲ್ಲ. ದಾವಣಗೆರೆಯಲ್ಲಿ 31 ವರ್ಷ ಡೆಂಟಲ್ ಲ್ಯಾಬ್ ನಡೆಸಿದವನು ನಾನು. ಡಾಕ್ಟರು ಅಳತೆ ಕಳಿಸುತ್ತಿದ್ದರು, ನಾನು ಹಲ್ಲು ಕಟ್ಟಿ ಕಳಿಸುತ್ತಿದ್ದೆ. ಸಣ್ಣ ಬ್ರಷ್ ಹಿಡಿಯುವುದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಳ್ಳುವುದು ಎರಡೂ ಹೊಟ್ಟೆಪಾಡಿಗೆ ಕಲಿತದ್ದು. ಈಗ ಹಲ್ಲು ಬಿಟ್ಟಿದ್ದೇನೆ (ಕಿಸಿದಿದ್ದೇನೆ ಅಂತಲ್ಲ), ಬ್ರಷ್ ಬಿಡಲಾಗಿಲ್ಲ.

ಸರ್, 1/35 ಅಳತೆಯ ಪ್ಲಾಸ್ಟಿಕ್ ಸೈನಿಕರ ಸೆಟ್ ತರಿಸಿದೆ. ಡಬ್ಬದ ಮೇಲಿನ ಚಾರ್ಟ್ ಹೇಳಿದ ಬಣ್ಣಗಳನ್ನೇ, ಒಂದು ಚೂರೂ ಆಚೀಚೆ ಹೋಗದಂತೆ ಹಚ್ಚಿದ್ದೇನೆ. ಆದರೂ ಜಾತ್ರೆ ಆಟಿಕೆಯಂತೆ ಕಾಣುತ್ತವೆ. ಮುಖಗಳಂತೂ ದೆವ್ವ ಕಂಡವರ ಹಾಗಿವೆ. ಎಲ್ಲಿ ತಪ್ಪಿದೆ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ತಮ್ಮಾ, ನೀನು ಎಂಜಿನಿಯರಿಂಗ್ ಓದುವವನು, ಅದಕ್ಕೆ ಲೆಕ್ಕದಿಂದಲೇ ಶುರು ಮಾಡೋಣ. ಗೊಂಬೆಯನ್ನು ಕಣ್ಣಿನಿಂದ 30 ಸೆಂ.ಮೀ. ದೂರದಲ್ಲಿ ಹಿಡಿದು ನೋಡುತ್ತೀಯ. ಅದನ್ನು 35ರಿಂದ ಗುಣಿಸು. ಹತ್ತೂವರೆ ಮೀಟರ್. ಅಂದರೆ ನಿನ್ನ ಕೈಯಲ್ಲಿರುವ ಸಿಪಾಯಿ ಹತ್ತೂವರೆ ಮೀಟರ್ ದೂರದಲ್ಲಿ ನಿಂತ ಮನುಷ್ಯ. ನಾಳೆ ಬಸ್ ಸ್ಟ್ಯಾಂಡಿಗೆ ಹೋಗಿ ಅಷ್ಟು ದೂರದಲ್ಲಿ ನಿಂತವರ ಮುಖ ನೋಡು. ಕಣ್ಣಿನ ಬಿಳಿ ಭಾಗ ಕಾಣುತ್ತದೆಯೇ? ಹುಬ್ಬಿನ ಕೆಳಗೆ ಒಂದು ಕಪ್ಪು ನೆರಳು, ಅದರೊಳಗೆ ಏನೋ ಒಂದು ಹೊಳಪು, ಅಷ್ಟೇ. ನೀನು ಮಾತ್ರ ಅಚ್ಚ ಬಿಳಿ ತುಂಬಿ ನಡುವೆ ಕರಿ ಚುಕ್ಕೆ ಇಟ್ಟಿದ್ದೀಯ. ದೆವ್ವ ಕಂಡವರ ಹಾಗೆ ಆಗದೆ ಇನ್ನೇನಾಗುತ್ತದೆ!

1/35ರಲ್ಲಿ ತೆರೆದ ಕಣ್ಣು ಅಂದರೆ ಒಂದು ಮಿ.ಮೀ.ಗಿಂತ ಕಡಿಮೆ ಅಗಲ. ಅದಕ್ಕೆ ಮೊದಲು ಕಡುಗಂದು ಹಚ್ಚು. ಬಿಳಿಯ ಬದಲು ಕೆನೆಬಣ್ಣಕ್ಕೆ ಒಂದಿಷ್ಟು ಬೂದು ಬೆರೆಸಿ ಸಣ್ಣ ಗೆರೆ ಎಳೆ. ಪಾಪೆಯ ಚುಕ್ಕೆ ಮೇಲಿನ ರೆಪ್ಪೆಗೂ ಕೆಳಗಿನ ರೆಪ್ಪೆಗೂ ತಾಗಿರಬೇಕು, ನಡುವೆ ತೇಲಬಾರದು. ಮೇಲಿನ ರೆಪ್ಪೆಗೆ ಮತ್ತೊಮ್ಮೆ ಕಂದು ಗೆರೆ. 1/72 ಅಳತೆಯಾದರೆ ಕಣ್ಣಿನ ತಂಟೆಗೇ ಹೋಗಬೇಡ, ನೆರಳೊಂದನ್ನು ಹಚ್ಚಿ ಮುಂದೆ ನಡೆ.

ಇನ್ನು ಆಟಿಕೆಯ ದೂರು. ಚಾರ್ಟಿನ ಬಣ್ಣ ಸರಿಯಾಗಿಯೇ ಇದೆ, ಬೆಳಕು ಇಲ್ಲ. ನಿಜವಾದ ಸೈನಿಕನ ಅಂಗಿಯ ಮಡಿಕೆ ಒಂದು ಬೆರಳಗಲ ಆಳ, ನೆರಳು ತಾನಾಗಿಯೇ ಬೀಳುತ್ತದೆ. ಗೊಂಬೆಯ ಮಡಿಕೆ ಅರ್ಧ ಮಿ.ಮೀ. ಆಳ. ನಿನ್ನ ಕೋಣೆಯ ಟ್ಯೂಬ್‌ಲೈಟ್ ಅದರಲ್ಲಿ ನೆರಳು ಬೀಳಿಸಲಾರದು. ಆ ನೆರಳನ್ನು ನೀನೇ ಬಿಡಿಸಬೇಕು. ಲ್ಯಾಬಿಗೆ ಬಂದ ಹೊಸ ಹುಡುಗರಿಗೆ ಇದನ್ನು ಹಲ್ಲಿನಲ್ಲಿ ತೋರಿಸುತ್ತಿದ್ದೆ. ಶೇಡ್ ಗೈಡ್ ಅಂತ ಇರುತ್ತದೆ, ಎ1ರಿಂದ ಡಿ4ರವರೆಗೆ 16 ಬಣ್ಣದ ಹಲ್ಲುಗಳು. ಹುಡುಗರು ಹಳದಿಯೋ ಕೆಂಪೋ ಅಂತ ಗುದ್ದಾಡುತ್ತಿದ್ದರು. ‘ಕಣ್ಣು ಅರ್ಧ ಮುಚ್ಚಿ ನೋಡ್ರೋ’ ಅನ್ನುತ್ತಿದ್ದೆ. ಕಣ್ಣು ಕಿರಿದಾದರೆ ಬಣ್ಣ ಮಂಕಾಗಿ ಯಾವುದು ತಿಳಿ, ಯಾವುದು ಗಾಢ ಅನ್ನುವುದಷ್ಟೇ ಉಳಿಯುತ್ತದೆ. ತಿಳಿ-ಗಾಢ ಸರಿ ಇದ್ದರೆ ಬಣ್ಣ ಒಂದು ಚೂರು ತಪ್ಪಿದರೂ ಹಲ್ಲು ಬಾಯಲ್ಲಿ ಸೇರಿಕೊಳ್ಳುತ್ತದೆ. ಅದು ತಪ್ಪಿದರೆ ಯಾವ ಬಣ್ಣವೂ ಕಾಪಾಡುವುದಿಲ್ಲ.

ಹಾಗಾಗಿ ಮುಂದಿನ ಗೊಂಬೆಗೆ ಹೀಗೆ ಮಾಡು. ಪೂರ್ತಿ ಕಪ್ಪು ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಕೊಡುವ ಪದರ) ಹೊಡಿ. ಒಣಗಿದ ಮೇಲೆ ನೆತ್ತಿಯ ಮೇಲಿಂದ ಮಾತ್ರ, ನಡುಹಗಲ ಸೂರ್ಯ ಬಿದ್ದಂತೆ, ಬಿಳಿ ಪ್ರೈಮರ್ ತೆಳ್ಳಗೆ ಬೀಳಲಿ. ಟೋಪಿಯ ಅಂಚಿನ ಕೆಳಗೆ, ಕಂಕುಳಲ್ಲಿ, ಬೆಲ್ಟಿನಡಿ ಕಪ್ಪು ಉಳಿಯುತ್ತದೆ. ಅದೇ ನಿನ್ನ ನಕ್ಷೆ. ಅದರ ಮೇಲೆ ನೀರು ಬೆರೆಸಿದ ತೆಳು ಬಣ್ಣ ಎರಡು ಮೂರು ಪದರ ಹಚ್ಚು. ಮಡಿಕೆಯೊಳಕ್ಕೆ ಕಡು ಬಣ್ಣದ ವಾಶ್ (ನೀರುನೀರಾದ ಬಣ್ಣ), ಮಡಿಕೆಯ ಉಬ್ಬಿಗೆ ಅದೇ ಬಣ್ಣದ ತಿಳಿ. ಹಚ್ಚುವಾಗ ‘ಅಯ್ಯೋ ಅತಿಯಾಯ್ತು’ ಅನ್ನಿಸಬೇಕು. ಅನ್ನಿಸಲಿಲ್ಲ ಅಂದರೆ ಸಾಲದು.

ಅಂದಹಾಗೆ ಈ 1/35 ಅನ್ನುವ ಸೊಟ್ಟ ಅಳತೆಗೆ ಯಾವ ಶಾಸ್ತ್ರವೂ ಇಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ಟಮಿಯಾ ಕಂಪನಿ ಮೋಟಾರಿನ ಪ್ಯಾಂಥರ್ ಟ್ಯಾಂಕ್ ಮಾಡಿದಾಗ ಹೊಟ್ಟೆಯೊಳಗೆ ಬ್ಯಾಟರಿ ಹಿಡಿಸಬೇಕಿತ್ತು. ಹಿಡಿಸಿದ ಅಳತೆ 1/35 ಆಯಿತು, ಲೋಕವೆಲ್ಲ ಅದನ್ನೇ ಹಿಡಿದು ಕೂತಿತು.

ಗೊಂಬೆ ಎತ್ತಿಕೊಂಡರೆ ಸಾಕು, ಮೂಗು, ಬಂದೂಕಿನ ತುದಿಯಲ್ಲಿ ಬಣ್ಣ ಎದ್ದು ಬರುತ್ತದೆ.
— ಬೆಳಗಾವಿಯ ಓದುಗರು

ತೊಳೆದಿಲ್ಲ ನೀವು. ಅಚ್ಚಿನಿಂದ ಬಿಡಿಸುವಾಗ ಹಚ್ಚಿದ ಜಿಡ್ಡು ಇನ್ನೂ ಅದರ ಮೈಮೇಲಿದೆ. ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು, ಹಳೇ ಟೂತ್‌ಬ್ರಷ್. ಒಣಗಿಸಿ, ಪ್ರೈಮರ್ ಕೊಟ್ಟು, ಒಂದು ದಿನ ಮುಟ್ಟದೆ ಇರಿ. ಆಮೇಲೆ ಗೊಂಬೆಯನ್ನು ಕೈಯಲ್ಲಿ ಹಿಡಿಯಬೇಡಿ. ಪಾದಕ್ಕೆ ಸಣ್ಣ ತಂತಿ ಚುಚ್ಚಿ, ಬಾಟಲಿಯ ಬೆಂಡಿಗೆ ಸಿಕ್ಕಿಸಿ, ಬೆಂಡನ್ನು ಹಿಡಿಯಿರಿ.

ನಮ್ಮ ಮನೆತನದ ಹಿರಿಯರೊಬ್ಬರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಸವಾರರಾಗಿದ್ದರಂತೆ. ನಿವೃತ್ತನಾಗಿದ್ದೇನೆ, ಸಮಯವಿದೆ. ಹೈಫಾ ಕದನದ ಒಂದು ದೃಶ್ಯ ಮಾಡಬೇಕೆಂಬ ಆಸೆ. ಸಮವಸ್ತ್ರದ ಬಣ್ಣ ಯಾವುದು? ಎಷ್ಟು ಜನ ಸವಾರರು ಬೇಕು?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಮೈಸೂರು

ಸ್ವಾಮಿ, ಈ ಪತ್ರ ಓದಿ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ನಾನೂ ಮೂರು ಸಲ ಇದನ್ನು ಮಾಡಿದ್ದೇನೆ. ಎರಡು ಸಲ ಕೆಡಿಸಿದ್ದೇನೆ.

ಮೊದಲು ಎರಡನೆಯ ಪ್ರಶ್ನೆ. ಮೂರು ಜನ ಸಾಕು. ಮೊದಲನೇ ಮಹಾಯುದ್ಧದಲ್ಲಿ ಪ್ಯಾಲೆಸ್ತೀನಿನ ಹೈಫಾ ಊರನ್ನು ತುರ್ಕರಿಂದ ಗೆಲ್ಲಲು, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರು ಕಾರ್ಮೆಲ್ ಬೆಟ್ಟಕ್ಕೂ ಕಿಶೋನ್ ಹೊಳೆಗೂ ನಡುವಿನ ಇಕ್ಕಟ್ಟಿನಲ್ಲಿ ನುಗ್ಗಿದರು. ಮೈಸೂರಿನವರ ಒಂದು ತುಕಡಿ ಬೆಟ್ಟದ ಕಡಿದಾದ ದಾರಿ ಹತ್ತಿ ಮೇಲಿದ್ದ ಫಿರಂಗಿಗಳ ಕಡೆ ಹೋಯಿತು. ಎಲ್ಲರೂ ಮಾಡುವುದು ನುಗ್ಗುವ ದೃಶ್ಯವನ್ನೇ: ನಾಲ್ಕೂ ಕಾಲು ಗಾಳಿಯಲ್ಲಿರುವ ಕುದುರೆ, ಚಾಚಿದ ಈಟಿ, ತೆರೆದ ಬಾಯಿ. ನಾನು ಕೆಡಿಸಿದ ಎರಡೂ ಅದೇ. ಹನ್ನೊಂದು ಕುದುರೆ ಒಂದು ಹಲಗೆಯ ಮೇಲೆ ನಿಲ್ಲಿಸಿದೆ, ಕುದುರೆ ಸಂತೆ ಆಯಿತು. ಮೂರನೆಯ ಸಲ ಬೆಟ್ಟದ ದಾರಿ ಹಿಡಿದೆ. ಒಬ್ಬ ಸವಾರ ಇಳಿದು ಲಗಾಮು ಹಿಡಿದು ಕುದುರೆಯನ್ನು ಕಲ್ಲಿನ ಮೇಲೆ ಹತ್ತಿಸುತ್ತಿದ್ದಾನೆ, ಇನ್ನೊಬ್ಬ ಮೇಲಿಂದ ತಿರುಗಿ ನೋಡುತ್ತಿದ್ದಾನೆ, ಮೂರನೆಯವನ ಕುದುರೆ ಮುಂದೆ ಹೋಗಲಾರೆ ಎಂದು ಕತ್ತು ಬಗ್ಗಿಸಿದೆ. ಈಟಿ ಯಾರ ಕಡೆಗೂ ಚಾಚಿಲ್ಲ. ಬಂದವರೆಲ್ಲ ಅದರ ಮುಂದೆಯೇ ನಿಲ್ಲುತ್ತಾರೆ.

ಈಟಿಯ ಗಳು ಬಿದಿರಿನದು, ಸುಮಾರು 9 ಅಡಿ. 54 ಮಿ.ಮೀ. ಗೊಂಬೆಗೆ, ಅಂದರೆ ಹೆಚ್ಚುಕಡಿಮೆ 1/32 ಅಳತೆಗೆ, ಅದು 86 ಮಿ.ಮೀ. ಡಬ್ಬದಲ್ಲಿ ಬರುವ ಪ್ಲಾಸ್ಟಿಕ್ ಈಟಿ ಬೇಸಗೆಯಲ್ಲಿ ಬಾಳೆದಿಂಡಿನಂತೆ ಬಾಗುತ್ತದೆ, ಎಸೆಯಿರಿ. ಉಕ್ಕಿನ ತಂತಿ ಹಾಕಿ. ಒಂದೆರಡು ಕಡೆ ಅಂಟಿನ ಹನಿ ಇಟ್ಟು ಉಜ್ಜಿದರೆ ಗೆಣ್ಣು. ಮೇಲೆ ಒಣಹುಲ್ಲಿನ ಬಣ್ಣ, ಗೆಣ್ಣಿನ ಸುತ್ತ ಕಂದು.

ಇನ್ನು ಬಣ್ಣ. ಯುದ್ಧಭೂಮಿಯಲ್ಲಿ ಅಂಗಿ ಖಾಕಿ, ಚಲ್ಲಣ ಖಾಕಿ, ರುಮಾಲು ಖಾಕಿ. ಕೇಳಿದರೆ ಬೇಸರವಾಗುತ್ತದೆ, ಅಲ್ಲವೇ? ಕೆಲಸ ಇರುವುದೇ ಇಲ್ಲಿ. ಖಾಕಿ ಅಂದರೆ ಧೂಳಿನ ಬಣ್ಣ, ‘ಖಾಕ್’ ಎಂದರೆ ಮಣ್ಣು. (ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಎಂಬಾತ ಖಾಕಿ ಬಣ್ಣ ತೆಗೆದ ಎಂದು ಮಂಗಳೂರಿನವರು ಹೇಳಿಕೊಳ್ಳುತ್ತಾರೆ. ಪಂಜಾಬಿನ ಗೈಡ್ಸ್ ಪಡೆಯವರು ನಾವೇ ಮೊದಲು ಅನ್ನುತ್ತಾರೆ. ಜಗಳ ಅವರಿಗೇ ಇರಲಿ.) ಧೂಳು ಎಲ್ಲಿಯೂ ಒಂದೇ ಬಣ್ಣ ಇರುವುದಿಲ್ಲ. ಹತ್ತಿಯ ಅಂಗಿ ಒಗೆದೊಗೆದು, ಪ್ಯಾಲೆಸ್ತೀನಿನ ಬಿಸಿಲಿಗೆ ಮಾಸಿ, ಹೆಚ್ಚುಕಡಿಮೆ ಬೆಳ್ಳಗಿನ ಮರಳಿನ ಬಣ್ಣಕ್ಕೆ ತಿರುಗಿರುತ್ತದೆ. ಕಾಲಿಗೆ ಸುತ್ತಿದ ಪಟ್ಟಿ ಉಣ್ಣೆಯದು, ಅದು ಇನ್ನೂ ಕಡು, ಒಂದಿಷ್ಟು ಹಸಿರು ಮಿಶ್ರ. ಬೆನ್ನಿನ ಬೆವರಿನ ಜಾಗ ಬೇರೆ, ಮೊಣಕಾಲು ತೇದ ಜಾಗ ಬೇರೆ. ನಾನು ಹಳದಿ ಓಕರ್ (ಮಣ್ಣುಹಳದಿ), ರಾ ಅಂಬರ್ (ಮಣ್ಣುಗಂದು), ಬಿಳಿ ಈ ಮೂರರಿಂದಲೇ ಐದು ಖಾಕಿ ಕಲಸಿಕೊಳ್ಳುತ್ತೇನೆ. ಒಬ್ಬನ ರುಮಾಲು ಇನ್ನೊಬ್ಬನ ರುಮಾಲಿಗಿಂತ ಒಂದು ಒಗೆತ ಹಳೆಯದಾಗಿರಬೇಕು. ಗುಂಡಿನ ಪಟ್ಟಿ, ಜೀನು, ಲಗಾಮು ಚರ್ಮದವು. ಅಲ್ಲಿ ಮಾತ್ರ ಕೆಂಗಂದು ಬಣ್ಣ ಸ್ವಲ್ಪ ಮೆರೆಯಲಿ, ಅಂಚುಗಳಲ್ಲಿ ಅರೆಹೊಳಪಿನ ಸ್ಯಾಟಿನ್ ವಾರ್ನಿಷಿನ ಮಿಂಚಿರಲಿ.

ಮುಖಕ್ಕೆ ಬರೋಣ. ವಿದೇಶಿ ವೀಡಿಯೋಗಳಲ್ಲಿ ಮುಖದ ಎತ್ತರದ ಭಾಗಕ್ಕೆ ಬಿಳಿ ಬೆರೆಸಿ ತೋರಿಸುತ್ತಾರೆ. ನಮ್ಮ ಮೈಬಣ್ಣಕ್ಕೆ ಬಿಳಿ ಬೆರೆಸಿದರೆ ಬೂದಿ ಬಳಿದಂತೆ ಆಗುತ್ತದೆ. ಬರ್ನ್ಟ್ ಸಿಯೆನ್ನಾ (ಕೆಂಗಂದು), ಹಳದಿ ಓಕರ್ ತಳಪಾಯ. ಮೂಗಿನ ಉಬ್ಬು, ಕೆನ್ನೆಯ ಮೂಳೆಗೆ ಓಕರ್ ಹೆಚ್ಚು ಮಾಡಿ, ಚೂರೇ ಚೂರು ಕಿತ್ತಳೆ. ಕಣ್ಣಿನ ಗುಳಿ, ಗಲ್ಲದಡಿಗೆ ಬರ್ನ್ಟ್ ಅಂಬರ್ (ಕಡುಗಂದು), ಅದಕ್ಕೆ ಒಂದು ತೊಟ್ಟು ನೀಲಿ. ಇದಕ್ಕೆ ನಾನು ಆಯಿಲ್ ಕಲರ್ ಬಳಸುತ್ತೇನೆ. ಕ್ಯಾಮೆಲ್ ಟ್ಯೂಬು ಸಾಕು. ಬಣ್ಣವನ್ನು ರಟ್ಟಿನ ಮೇಲೆ ಹಿಂಡಿ ಒಂದು ಗಂಟೆ ಬಿಟ್ಟರೆ ಎಣ್ಣೆಯನ್ನು ರಟ್ಟು ಕುಡಿಯುತ್ತದೆ, ಹಚ್ಚಿದ ಮೇಲೆ ಜಿಡ್ಡುಜಿಡ್ಡಾಗಿ ಹೊಳೆಯುವುದಿಲ್ಲ. ಆಯಿಲ್ ನಿಧಾನವಾಗಿ ಒಣಗುವುದರಿಂದ ಎರಡು ಬಣ್ಣದ ನಡುವಿನ ಗೆರೆಯನ್ನು ಒಣ ಬ್ರಷ್‌ನಿಂದ ತಟ್ಟಿ ತಟ್ಟಿ ಅಳಿಸಬಹುದು.

ನೆಲ ಸುಣ್ಣದಕಲ್ಲಿನದು. ಇದರಲ್ಲಿ ಮಾತ್ರ ನನ್ನಷ್ಟು ಅದೃಷ್ಟವಂತ ಯಾರೂ ಇಲ್ಲ. ಹಲ್ಲಿನ ಅಚ್ಚಿಗೆ ಬಳಸುವ ಹಳದಿ ಸ್ಟೋನ್ ಪ್ಲಾಸ್ಟರ್ ಕಲಸಿ, ಗಟ್ಟಿಯಾದ ಮೇಲೆ ಸುತ್ತಿಗೆಯಿಂದ ಒಡೆದರೆ ಬಂಡೆ ತಯಾರು. ಡೆಂಟಲ್ ಸಾಮಾನಿನ ಅಂಗಡಿಯಲ್ಲಿ ನಿಮಗೂ ಸಿಗುತ್ತದೆ. ಕೊನೆಗೆ ನೆಲಕ್ಕೆ ಹಾಕಿದ ಧೂಳಿನ ಬಣ್ಣವನ್ನೇ ಕುದುರೆಯ ಕಾಲಿಗೆ ಮೊಣಕಾಲಿನವರೆಗೆ, ಸವಾರನ ಬೂಟಿಗೆ, ರಿಕಾಪಿಗೆ ಒಣಗಿಸಿದ ಬ್ರಷ್‌ನಿಂದ ಸವರಿ. ಇದೊಂದು ಮಾಡದಿದ್ದರೆ ಕುದುರೆ ನೆಲದ ಮೇಲೆ ನಿಂತಂತೆ ಕಾಣುವುದಿಲ್ಲ, ಅಂಟಿಸಿದಂತೆ ಕಾಣುತ್ತದೆ.

ನೋಡಿ ಬರಬೇಕಾದದ್ದು: ದೆಹಲಿಯ ತೀನ್ ಮೂರ್ತಿ. ಆ ಮೂರು ಕಂಚಿನ ಸೈನಿಕರಲ್ಲಿ ಒಬ್ಬ ಮೈಸೂರಿನ ಪರವಾಗಿ, ಇನ್ನಿಬ್ಬರು ಜೋಧಪುರ, ಹೈದರಾಬಾದಿನ ಪರವಾಗಿ ನಿಂತವರು. ಕಂಚಿನಲ್ಲಿ ಬಣ್ಣ ಸಿಗುವುದಿಲ್ಲ, ಆದರೆ ರುಮಾಲು ಸುತ್ತಿದ ರೀತಿ, ಬೆಲ್ಟು ಎಲ್ಲಿ ಕೂರುತ್ತದೆ ಅನ್ನುವುದು ಸಿಗುತ್ತದೆ. ಹೈಫಾ ಊರಿನೊಳಗೆ ನಮ್ಮ ಸವಾರರು ಸಾಲಾಗಿ ಹೋಗುತ್ತಿರುವ ಕಪ್ಪುಬಿಳುಪು ಫೋಟೋ ಕೂಡ ಇದೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್‌ನ ಸ್ಮಾರಕವಿದೆ, ಆ ಕಡೆ ಹೋದಾಗ ನಿಮ್ಮ ಹಿರಿಯರನ್ನು ನೆನೆದು ಒಂದು ಗಳಿಗೆ ನಿಂತು ಬನ್ನಿ.

ಬಣ್ಣ ತಟ್ಟೆಯಲ್ಲೇ ಒಣಗಿಹೋಗುತ್ತದೆ. ಮತ್ತೆ, ಸೊನ್ನೆ ಸೊನ್ನೆ ಸೊನ್ನೆ ನಂಬರಿನ ಬ್ರಷ್ ಎಲ್ಲಿ ಒಳ್ಳೆಯದು ಸಿಗುತ್ತದೆ?
— ರಾಯಚೂರಿನ ಓದುಗರು

ರಾಯಚೂರಿನ ಬಿಸಿಲಿಗೆ ಅಕ್ರಿಲಿಕ್ ಬಣ್ಣ ಒಣಗದೆ ಇರುವುದಾದರೂ ಹೇಗೆ! ಮುಚ್ಚಳವಿರುವ ಟಿಫಿನ್ ಡಬ್ಬಿಯಲ್ಲಿ ಒದ್ದೆ ಸ್ಪಂಜು ಹಾಸಿ, ಮೇಲೆ ಬಟರ್ ಪೇಪರ್ ಹಾಕಿ, ಅದರ ಮೇಲೆ ಬಣ್ಣ ಬಿಡಿ. ಮುಚ್ಚಿಟ್ಟರೆ ಮರುದಿನಕ್ಕೂ ಹಸಿ ಇರುತ್ತದೆ. ಮೂರು ಸೊನ್ನೆಯ ಬ್ರಷ್ ಕೊಳ್ಳಬೇಡಿ. ಅದರ ಹೊಟ್ಟೆಯಲ್ಲಿ ಬಣ್ಣವೇ ನಿಲ್ಲುವುದಿಲ್ಲ, ಗೊಂಬೆ ಮುಟ್ಟುವಷ್ಟರಲ್ಲಿ ತುದಿ ಒಣಗಿರುತ್ತದೆ. 1ನೇ ನಂಬರಿನ ಒಳ್ಳೆಯ ಸೇಬಲ್ ಕೂದಲಿನ ಬ್ರಷ್ ಒಂದು ಸಾಕು. ಕಣ್ಣು ಬರೆಯುವುದು ಕೂದಲಿನ ತುದಿ, ನಂಬರ್ ಅಲ್ಲ.

ಹತ್ತನೇ ಕ್ಲಾಸಿನ ಮಗ ಬ್ರಷ್‌ನ ತುದಿ ಚೂಪು ಮಾಡಲು ಬಾಯಲ್ಲಿಟ್ಟುಕೊಳ್ಳುತ್ತಾನೆ. ‘ಎಲ್ಲರೂ ಹಾಗೇ ಮಾಡ್ತಾರಮ್ಮ’ ಅನ್ನುತ್ತಾನೆ. ಇನ್ನೊಂದು, ನಮ್ಮ ಮಾವನವರ ಪೆಟ್ಟಿಗೆಯಲ್ಲಿ ಹಳೆಯ ಸೀಸದ ಸೈನಿಕರು ಸಿಕ್ಕಿವೆ, ಮೇಲೆ ಬಿಳಿ ಪುಡಿ ಬಂದಿದೆ. ಅವನ್ನು ಉಜ್ಜಿ ಹೊಸ ಬಣ್ಣ ಹಚ್ಚುತ್ತೇನೆ ಎಂದು ಹಟ.
— ತಾಯಿಯೊಬ್ಬರು, ತುಮಕೂರು

ತಾಯಿ, ಎರಡಕ್ಕೂ ಬೇಡ ಅನ್ನಿ. ನಾನು ಹೇಳಿದೆ ಅನ್ನಿ.

ಎಲ್ಲರೂ ಮಾಡುತ್ತಾರೆ ಅನ್ನುವುದು ನಿಜ, ಲ್ಯಾಬಿನಲ್ಲಿ ನಾವೂ ಮಾಡುತ್ತಿದ್ದೆವು. ನನಗೆ ಬಿಡಿಸಿದ್ದು ಒಬ್ಬ ಹಿರಿಯ ದಂತವೈದ್ಯರು ಹೇಳಿದ ಕಥೆ. ಅಮೆರಿಕದಲ್ಲಿ ಮೊದಲನೇ ಮಹಾಯುದ್ಧದ ಹೊತ್ತಿಗೆ ಗಡಿಯಾರದ ಮುಖಕ್ಕೆ ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣ ಹಚ್ಚುವ ಹುಡುಗಿಯರಿದ್ದರು. ತುಟಿಯಲ್ಲಿ ಬ್ರಷ್ ಚೂಪು ಮಾಡಿಕೊಳ್ಳಿ ಅಂತಲೇ ಅವರಿಗೆ ಕಲಿಸಿದ್ದರು. ಹಲ್ಲು ಉದುರಿ, ದವಡೆಯ ಮೂಳೆ ಕೊಳೆತು ಅವರು ಮೊದಲು ಹೋದದ್ದು ದಂತವೈದ್ಯರ ಹತ್ತಿರ. 1924ರಲ್ಲಿ ನ್ಯೂಯಾರ್ಕಿನ ಥಿಯೋಡರ್ ಬ್ಲಮ್ ಅದಕ್ಕೆ ರೇಡಿಯಂ ದವಡೆ ಎಂದು ಹೆಸರಿಟ್ಟರು. ನಿಮ್ಮ ಮಗನ ಬಣ್ಣದಲ್ಲಿ ರೇಡಿಯಂ ಇಲ್ಲ, ಗಾಬರಿ ಬೇಡ. ಆದರೆ ಕೆಲವು ಕೆಂಪು ಹಳದಿಗಳಲ್ಲಿ ಕ್ಯಾಡ್ಮಿಯಂ, ಕೆಲವು ನೀಲಿಗಳಲ್ಲಿ ಕೋಬಾಲ್ಟ್ ಇರುತ್ತದೆ. ಬ್ರಷ್ ಚೂಪಾಗಲು ಒದ್ದೆ ಟಿಶ್ಯೂ ಮೇಲೆ ತಿರುಗಿಸಿ ಎಳೆದರೆ ಸಾಕು.

ಆ ಬಿಳಿ ಪುಡಿ ಸೀಸಕ್ಕೆ ಹಿಡಿದ ತುಕ್ಕು, ಅದೂ ವಿಷವೇ. ಉಜ್ಜಿದರೆ ಮೂಗಿಗೆ ಹೋಗುತ್ತದೆ. 1893ರಲ್ಲಿ ಲಂಡನ್ನಿನ ಬ್ರಿಟನ್ಸ್ ಕಂಪನಿ ಟೊಳ್ಳು ಅಚ್ಚಿನ ಸೀಸದ ಸೈನಿಕರನ್ನು ಎರಕ ಹೊಯ್ಯತೊಡಗಿದ ಮೇಲೆ ಇವು ಮನೆಮನೆ ಸೇರಿದವು. 1966ರ ಹೊತ್ತಿಗೆ ಮಕ್ಕಳ ಸುರಕ್ಷತೆಯ ನಿಯಮಗಳು, ಏರಿದ ಖರ್ಚು ಎರಡೂ ಸೇರಿ ಅದು ನಿಂತಿತು. ಹಳೆಯ ಬಣ್ಣ ಇದ್ದರೇ ಅವಕ್ಕೆ ಬೆಲೆ, ಹೊಸದು ಹಚ್ಚಿದರೆ ಸಂಗ್ರಾಹಕರು ತಿರುಗಿ ನೋಡುವುದಿಲ್ಲ. ಕೈಗವಸು ಹಾಕಿ ಎತ್ತಿ, ಮರದ ಪೆಟ್ಟಿಗೆಯಿಂದ ತೆಗೆದು ಗಾಜಿನ ಹಿಂದೆ ಇಡಿ. ಹಸಿ ಮರ, ಪ್ಲೈವುಡ್ ಬಿಡುವ ಆಮ್ಲದ ಆವಿಯೇ ಸೀಸವನ್ನು ಹೀಗೆ ತಿನ್ನುವುದು. ಮಗನಿಗೆ ಪ್ಲಾಸ್ಟಿಕ್ ಸೆಟ್ ಒಂದು ಕೊಡಿಸಿ. ಹಟ ಇರುವ ಹುಡುಗ, ಕೈ ಕೂರುತ್ತದೆ.

ಶಾಲೆಯ ಪ್ರದರ್ಶನಕ್ಕೆ ಟಿಪ್ಪು ಸೈನ್ಯದ ರಾಕೆಟ್ ತುಕಡಿ ಮಾಡುತ್ತಿದ್ದೇವೆ. ಹುಲಿಪಟ್ಟೆಯ ಅಂಗಿಗೆ ಹಳದಿ ಕಪ್ಪು ಹಚ್ಚಬಹುದೇ?
— ಶಿಕ್ಷಕಿ, ಮಂಡ್ಯ

ಹಳದಿ ಕಪ್ಪು ಹಚ್ಚಿದರೆ ಹುಲಿವೇಷ ಆಗುತ್ತದೆ ಮೇಡಂ. ಆ ಕಾಲದ ಬ್ರಿಟಿಷ್ ಬರಹಗಳಲ್ಲಿ ನೇರಳೆ ಬಟ್ಟೆ, ಅದರ ಮೇಲೆ ವಜ್ರಾಕಾರದ ಬಿಳಿ ಗುರುತು ಎಂದಿದೆ. ಆ ಗುರುತೇ ಹುಲಿಯ ಪಟ್ಟೆ. 1/72ರಲ್ಲಾದರೆ ಒಂದೊಂದೂ ವಜ್ರ ಬರೆಯಲು ಹೋಗಬೇಡಿ, ಅಡ್ಡಡ್ಡವಾಗಿ ಮುರಿದ ಸಣ್ಣ ಗೆರೆ ಸಾಕು, ದೂರದಿಂದ ಪಟ್ಟೆಯಾಗಿ ಕಾಣುತ್ತದೆ. ಶ್ರೀರಂಗಪಟ್ಟಣ ನಿಮಗೆ ಪಕ್ಕದಲ್ಲೇ ಇದೆ, ಮಕ್ಕಳನ್ನು ದರಿಯಾ ದೌಲತ್‌ಗೆ ಕರೆದುಕೊಂಡು ಹೋಗಿ 1780ರ ಪೊಲ್ಲಿಲೂರು ಕದನದ ಗೋಡೆಚಿತ್ರ ತೋರಿಸಿ. ಆದರೆ ಬಣ್ಣಕ್ಕೆ ಅದನ್ನೇ ಪ್ರಮಾಣ ಅಂದುಕೊಳ್ಳಬೇಡಿ, ಒಂದಕ್ಕಿಂತ ಹೆಚ್ಚು ಸಲ ಮತ್ತೆ ಬಳಿದ ಗೋಡೆ ಅದು. ಗುಂಪನ್ನು ಹೇಗೆ ಕೂರಿಸಬೇಕು ಅನ್ನುವುದನ್ನು ಅಲ್ಲಿ ಕಲಿಯಬಹುದು. ಮತ್ತೆ ರಾಕೆಟ್ಟು: ಶಿವಮೊಗ್ಗ ಜಿಲ್ಲೆಯ ನಗರದ ಬಾವಿಯಲ್ಲಿ 2018ರಲ್ಲಿ ಸಿಕ್ಕ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳ ಫೋಟೋ ನೋಡಿ ಎಲ್ಲರೂ ತುಕ್ಕಿನ ಬಣ್ಣ ಹಚ್ಚುತ್ತಾರೆ. ತುಕ್ಕು ಹಿಡಿದದ್ದು ಬಾವಿಯಲ್ಲಿ. ಟಿಪ್ಪುವಿನ ಸಿಪಾಯಿಯ ಕೈಯಲ್ಲಿ ಅದು ಹೊಸ ಕಬ್ಬಿಣ, ಕಪ್ಪು ಬೂದು ಬಣ್ಣ. ಕಟ್ಟಿದ ಬಿದಿರಿಗೆ ತೆಂಗಿನ ಪೊರಕೆಕಡ್ಡಿ ಹೊಂದುತ್ತದೆ.

ಮ್ಯಾಟ್ ವಾರ್ನಿಷ್ ಸ್ಪ್ರೇ ಮಾಡಿದೆ. ಎರಡು ತಿಂಗಳ ಕೆಲಸ ಬೆಳ್ಳಗೆ ಮಂಜು ಕವಿದಂತೆ ಆಗಿದೆ. ಹೋಯಿತೇ?
— ಶಿರಸಿಯ ಓದುಗರು

ಪತ್ರದ ಮೇಲಿನ ತಾರೀಖು ಜುಲೈ. ಶಿರಸಿ. ಜುಲೈ. ಏನು ಹೇಳಲಿ! ಸ್ಪ್ರೇಯೊಳಗಿನ ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿಯೇ ಕೂತು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ನಾನು ಮಂಗಳೂರಿನ ಮಗಳ ಮನೆಯ ಬಾಲ್ಕನಿಯಲ್ಲಿ, ಮಳೆ ನಿಂತ ಹತ್ತು ನಿಮಿಷಕ್ಕೆ ಇದೇ ಕೆಲಸ ಮಾಡಿದ್ದೆ. ಮೇಲೆ ಹೇಳಿದ ಆ ಹನ್ನೊಂದು ಸವಾರರೂ ವಿಭೂತಿ ಬಳಿದುಕೊಂಡು ನಿಂತರು. ಮೊಮ್ಮಗಳು ಚಪ್ಪಾಳೆ ತಟ್ಟಿದಳು, ಹಿಮ ಬಿದ್ದಿದೆ ಅಂತ.

ಪೂರ್ತಿ ಹೋಗಿಲ್ಲ. ಒಣ ಬಿಸಿಲಿನ ದಿನ ಕಾದು, ಹೊಳಪಿನ (ಗ್ಲಾಸಿ) ವಾರ್ನಿಷನ್ನು ಬ್ರಷ್‌ನಿಂದ ತೆಳ್ಳಗೆ ಹಚ್ಚಿ. ಬಿಳಿ ಬಹುಪಾಲು ಮಾಯವಾಗುತ್ತದೆ. ಆಮೇಲೆ ಮ್ಯಾಟ್, ಅದೂ ಬ್ರಷ್‌ನಿಂದಲೇ, ಅದೂ ಬಾಟಲಿ ಚೆನ್ನಾಗಿ ಅಲುಗಿಸಿ. ನನ್ನ ಹನ್ನೊಂದರಲ್ಲಿ ಎಂಟು ಬದುಕಿದವು.

ವಯಸ್ಸು 52. ಮನೆಯವಳು ‘ಗೊಂಬೆ ಆಡೋ ವಯಸ್ಸಾ ಇದು’ ಎಂದು ನಗುತ್ತಾಳೆ. ಏನು ಉತ್ತರ ಕೊಡಲಿ?
— ಹೆಸರು ಬೇಡ ಎಂದವರು, ಬೆಂಗಳೂರು

ಉತ್ತರ ಕೊಡಬೇಡಿ, ದಸರಾ ಬರಲಿ. ನನ್ನಾಕೆ ಮೈಸೂರು ಕಡೆಯವಳು, ತವರಿನಿಂದ ಪಟ್ಟದ ಗೊಂಬೆ ತಂದವಳು. ಏಳೆಂಟು ವರ್ಷ ನನ್ನ ಸಿಪಾಯಿಗಳನ್ನು ಗೊಂಬೆ ಮೆಟ್ಟಿಲ ಹತ್ತಿರವೂ ಸೇರಿಸಲಿಲ್ಲ. ಒಂದು ವರ್ಷ ಕೆಳಗಿನ ಮೆಟ್ಟಿಲಲ್ಲಿ ಪಾರ್ಕಿನ ಪಕ್ಕ ಒಂದಿಷ್ಟು ಜಾಗ ಖಾಲಿ ಉಳಿಯಿತು, ಕಾರ್ಮೆಲ್ ಬೆಟ್ಟವನ್ನು ಅಲ್ಲಿ ತಂದಿಟ್ಟೆ. ಏನೂ ಅನ್ನಲಿಲ್ಲ. ಆರತಿ ಆದ ಮೇಲೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು, ಬಹಳ ಹೊತ್ತು. ‘ಈ ಹಿಂದಿನವನ ರುಮಾಲು ಇನ್ನೂ ಹೊಸದಾಗೇ ಇದೆಯಲ್ರೀ, ಕುದುರೆ ಎಳೆದೂ ಎಳೆದೂ ಬೆವರಿಲ್ವಾ ಇವನಿಗೆ?’ ಅಂದಳು.

ಸರಿಯಾಗಿಯೇ ಹೇಳಿದ್ದಳು. ಅವತ್ತು ರಾತ್ರಿಯೇ ತೆಗೆದು ಹಣೆಯ ಹತ್ತಿರ ಒಂದು ಗೆರೆ ರಾ ಅಂಬರ್ ಕೊಟ್ಟೆ.